ಪರೇಲ್‌ನಲ್ಲಿ ಪಾದರಿ ಎಲ್ಲಿ?

ಮುಂಬೈಯಲ್ಲಿ ಕೆಲಸ ಮಾಡೋ ನಮ್ಮವರು ಎಷ್ಟೋ ಜನ ದಿನಾ ಬೆಳಗ್ಗೆ ಪರೇಲ್‌ನಲ್ಲೋ ಲೋವರ್ ಪರೇಲ್‌ನಲ್ಲೋ ಲೋಕಲ್‌ನಿಂದ ಇಳಿದು, ಸೇತುವೆ ಮೇಲೆ ತಳ್ಳಾಡಿಕೊಂಡು ಆಫೀಸಿಗೆ ಹೋಗ್ತೀವಿ. ಈ 'ಪರೇಲ್' ಅಂದ್ರೆ ಏನು? ಇವತ್ತಿನ ಮಾತು ಅದರ ಬಗ್ಗೆ.

1909ರಲ್ಲಿ ಬಂದ ಬಾಂಬೆ ನಗರದ ಗೆಜೆಟಿಯರ್ ಎರಡು ವಾದ ಕೊಡುತ್ತೆ. ಒಂದು, ಇಲ್ಲಿ ಪರಳಿ ವೈಜನಾಥನ ಗುಡಿ ಇತ್ತು, ಅದರಿಂದ ಹೆಸರು ಬಂತು ಅನ್ನೋದು. ಇನ್ನೊಂದು, 'ಪಾಡಳ' ಅನ್ನೋ ಮರದಿಂದ ಬಂತು ಅನ್ನೋದು. ನನಗೆ ಎರಡನೆಯದೇ ಹೆಚ್ಚು ಸರಿ ಕಾಣುತ್ತೆ. ಯಾಕಂದ್ರೆ ಸುತ್ತಮುತ್ತ ನೋಡಿ: ಚಿಂಚ್‌ಪೋಕ್ಳಿಯಲ್ಲಿ ಚಿಂಚ್ ಅಂದ್ರೆ ಹುಣಸೆ, ವಡಾಳಾದಲ್ಲಿ ವಡ ಅಂದ್ರೆ ಆಲ, ಉಮರ್‌ಖಾಡಿಯಲ್ಲಿ ಉಂಬರ್ ಅಂದ್ರೆ ಅತ್ತಿ. ನಮ್ಮ ಹಲಸೂರು, ಅತ್ತಿಗುಪ್ಪೆ, ಹುಣಸಮಾರನಹಳ್ಳಿ ಇದ್ದ ಹಾಗೆ.

ಪಾಡಳ ನಮಗೂ ಹೊಸದಲ್ಲ. ಸಂಸ್ಕೃತದಲ್ಲಿ ಪಾಟಲಾ, ಕನ್ನಡದಲ್ಲಿ ಪಾದರಿ. ಪಾಟಲಿಪುತ್ರದ ಹೆಸರಿನ ಹಿಂದೆಯೂ ಇದೇ ಮರ ಅಂತ ಐತಿಹ್ಯ ಇದೆ. ಶಾಕುಂತಲದ ಶುರುವಿನಲ್ಲೇ ಕಾಳಿದಾಸ ಬೇಸಿಗೆಯನ್ನ ವರ್ಣಿಸುವಾಗ ಗಾಳಿಗೆ ಪರಿಮಳ ಕೊಡೋದು ಪಾಟಲದ ಹೂವೇ. ತುತ್ತೂರಿ ಆಕಾರದ, ಮಂಕು ಕೆಂಪು ಬಣ್ಣದ, ಒಳಗೆ ಹಳದಿ ಇರೋ ಹೂವು. ಕುಡಿಯೋ ನೀರಿಗೆ ಹಾಕಿ ಘಮ ಬರಿಸ್ತಿದ್ದ ಹೂಗಳ ಸಾಲಿನಲ್ಲಿ ಸುಶ್ರುತ ಇದನ್ನೂ ಸೇರಿಸಿದ್ದಾನೆ. ಇಷ್ಟೆಲ್ಲ ದೊಡ್ಡ ಹೆಸರುಗಳು ಬೇಡ ಅಂದ್ರೆ, ಮನೆಯಲ್ಲಿ ಬಾಣಂತಿಗೆ ಕೊಡ್ತಿದ್ದ ದಶಮೂಲಾರಿಷ್ಟ ನೆನಪಿದೆಯಾ? ಆ ಹತ್ತು ಬೇರುಗಳಲ್ಲಿ ಐದು ದೊಡ್ಡ ಮರಗಳದ್ದು. ಬಿಲ್ವ, ಶಿವನೆ ಇವುಗಳ ಜೊತೆ ಪಾದರಿಯೂ ಒಂದು.

ಕಷ್ಟ ಶುರುವಾಗೋದು ಅಲ್ಲೇ. ನೆಲ್ಲಿಕಾಯಿ ಕಿತ್ತರೆ ಮರ ಉಳಿಯುತ್ತೆ, ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತೆ. ಬೇರು ಕಿತ್ತರೆ ಮರವೇ ಹೋಯ್ತು. ಬೆಳೆಸದೆ ಬರೀ ಕಾಡಿನಿಂದ ಅಗೆದು ತರ್ತಾ ಇದ್ದರೆ ಎಷ್ಟು ದಿನ ಬರುತ್ತೆ?

ಇನ್ನು ಪರೇಲ್‌ನ ನೆಲದ ಕಥೆ. ಇವತ್ತು ಹಾಫ್ಕಿನ್ ಸಂಸ್ಥೆ ಇರೋ ಕಟ್ಟಡ ಮೊದಲು ಜೆಸ್ವಿಟ್ ಪಾದ್ರಿಗಳದ್ದು (ಪಾದ್ರಿ ಬೇರೆ, ಪಾದರಿ ಬೇರೆ!). ಹದಿನೆಂಟನೇ ಶತಮಾನದಲ್ಲಿ ಬ್ರಿಟಿಷರ ಕೈಸೇರಿ ಗವರ್ನರ್ ಬಂಗಲೆ ಆಯ್ತು. ಆಗ ಪರೇಲ್ ಅಂದ್ರೆ ತೋಟ, ಗದ್ದೆ, ತಂಪು ಗಾಳಿ. ಗಿರಣಿಗಳ ಹೊಗೆ ಬಂದಮೇಲೆ ಗವರ್ನರ್ ಮಲಬಾರ್ ಹಿಲ್‌ಗೆ ಹೋದರು. 1899ರಲ್ಲಿ ಹಾಫ್ಕಿನ್ ತಮ್ಮ ಪ್ಲೇಗ್ ಲಸಿಕೆಯ ಪ್ರಯೋಗಾಲಯವನ್ನ ಅಲ್ಲಿಗೆ ತಂದರು.

ಪಕ್ಕದ ಶಿವ್ಡಿಯಲ್ಲಿ ಕೃಷಿ-ತೋಟಗಾರಿಕೆ ಸಂಘದ ಸಸ್ಯೋದ್ಯಾನ ಇತ್ತು. 1860ರ ದಶಕದಲ್ಲಿ ಊರಿಗೆ ಸ್ಮಶಾನ ಬೇಕಾಯ್ತು, ಆ ತೋಟದ ಜಾಗವನ್ನೇ ಕೊಟ್ಟರು. ಈಗಲೂ ಶಿವ್ಡಿಯ ಕ್ರೈಸ್ತ ಸ್ಮಶಾನ ಅಲ್ಲೇ ಇದೆ. ಸಂಘದ ಹೊಸ ತೋಟ ಬೈಕುಲಾದಲ್ಲಿ 1862ರ ನವೆಂಬರ್ 19ರಂದು ವಿಕ್ಟೋರಿಯಾ ಗಾರ್ಡನ್ಸ್ ಅಂತ ತೆರೀತು. ಅದೇ ನಾವು ಮಕ್ಕಳನ್ನ ಪೆಂಗ್ವಿನ್ ತೋರಿಸೋಕೆ ಕರ್ಕೊಂಡು ಹೋಗೋ ರಾಣಿ ಬಾಗ್. ಪೆಂಗ್ವಿನ್ ಮುಂದೆ ಕ್ಯೂ ನಿಲ್ಲೋ ಜನ ಅಲ್ಲಿನ ಮರಗಳ ಕಡೆ ತಲೆ ಎತ್ತಿ ನೋಡಲ್ಲ, ಅದು ಬೇರೆ ಮಾತು. ಮೃಗಾಲಯ ದೊಡ್ಡದು ಮಾಡೋಕೆ ಹೊರಟಾಗ ಆ ಮರಗಳ ಹೆಸರು ಬರೆದು, ಲೆಕ್ಕ ಹಾಕಿ, ಹೋರಾಡಿದವರು ಸಂಬಳ ಇಲ್ಲದ ಸ್ವಯಂಸೇವಕರು, ಹೆಚ್ಚಿನವರು ಹೆಂಗಸರು.

ಅದೇ 1862ರಲ್ಲಿ ನಮ್ಮ ಉತ್ತರ ಕನ್ನಡ ಮದ್ರಾಸ್‌ನಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು. ಹಾಗಾಗಿ 1901ರಿಂದ 1908ರವರೆಗೆ ಥಿಯೋಡರ್ ಕುಕ್ ಈ ಪ್ರೆಸಿಡೆನ್ಸಿಯ ಗಿಡಮರಗಳ ದೊಡ್ಡ ಪುಸ್ತಕ ತಂದಾಗ ಅದರಲ್ಲಿ ಕೊಂಕಣದ ಜೊತೆ ಕಾರವಾರ, ಶಿರಸಿ ಕಡೆಯ ಕಾಡೂ ಬಂತು. ನನ್ನೂರಿನ ಮರಗಳ ದಾಖಲೆ ಹುಡುಕಿದರೆ 'ಬಾಂಬೆ' ಅಂತ ಇರೋದು ಇದಕ್ಕೇ.

ಈಗ ನಾನು ಭಾನುವಾರ ಹೋಗೋ ನರ್ಸರಿಗೆ ಬರ್ತೀನಿ. ಪರೇಲ್‌ನ ಹಳೇ ಚಾಳಿನ ಹಿಂದೆ, ಎರಡು ಗೋಡೆಗಳ ಮಧ್ಯೆ ಒಂದು ಪಟ್ಟಿ ಜಾಗ. ಅಲ್ಲಿನ ನಿವಾಸಿಗಳೇ ನಡೆಸೋದು, ಬೋರ್ಡ್ ಕೂಡ ಇಲ್ಲ. ನಲ್ಲಿ ನೀರು ಬೆಳಗ್ಗೆ ಒಂದಿಷ್ಟು ಹೊತ್ತು ಮಾತ್ರ, ಆದ್ದರಿಂದ ಏಳರೊಳಗೆ ಹೋಗಿ ಡ್ರಮ್ ತುಂಬಿಸಬೇಕು. ಆಮೇಲೆ ಕಪ್ಪು ಚೀಲಗಳಿಗೆ ಮಣ್ಣು-ಗೊಬ್ಬರ ತುಂಬೋದು, ಕಳೆ ಕೀಳೋದು, ಚೀಲದಿಂದ ಬೇರು ನೆಲಕ್ಕೆ ಇಳಿಯದ ಹಾಗೆ ಆಗಾಗ ಎತ್ತಿ ಇಡೋದು. ವಾರವೆಲ್ಲ ಟಿಕೆಟ್ ಕ್ಲೋಸ್ ಮಾಡಿದ ಕೈಗೆ ಈ ಕೆಲಸ ಹಿತವಾಗಿರುತ್ತೆ.

ನಮ್ಮ ಯಜಮಾನರು ಒಬ್ಬ ಕಾಕಾ. ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದವರು, 1982ರ ಜನವರಿ 18ಕ್ಕೆ ಶುರುವಾದ ಮುಷ್ಕರದಲ್ಲಿ ಹೊರಬಂದವರು ಮತ್ತೆ ಒಳಗೆ ಹೋಗಲೇ ಇಲ್ಲ. ಅವರು ಕೊಂಕಣದ ತಮ್ಮ ಊರಿಂದ ಉದ್ದನೆಯ ಒಣಕಾಯಿ ತಂದು ಮುರಿದು ತೋರಿಸಿದರು. ಒಳಗೆ ಬೆಂಡಿನಂಥ ದಿಂಡು, ಅದಕ್ಕೆ ಅಂಟಿಕೊಂಡು ಎರಡೂ ಕಡೆ ತೆಳು ರೆಕ್ಕೆ ಇರೋ ಬೀಜ. "ಪಾಡಳ" ಅಂದರು. ಊದಿದರೆ ಹಾರಿ ಹೋಗುತ್ತೆ. ನಾನು "ನಮ್ಮಲ್ಲಿ ಪಾದರಿ ಅಂತೀವಿ ಕಾಕಾ" ಅಂದೆ. "ಹೆಸರು ಎರಡು ಇದ್ದರೆ ಒಳ್ಳೇದೇ, ಒಬ್ಬರು ಮರೆತರೂ ಇನ್ನೊಬ್ಬರಿಗೆ ನೆನಪಿರುತ್ತೆ" ಅಂದರು ಹಿಂದಿಯಲ್ಲಿ.

ಆ ಬೀಜದಲ್ಲಿ ಹದಿನಾಲ್ಕು ಸಸಿ ಎದ್ದಿವೆ, ಈಗ ಮೊಣಕಾಲೆತ್ತರ. ಮುಂದೆ ಅರವತ್ತು ಅಡಿ ಬೆಳೆಯಬಹುದಾದ ಮರ. ಎಲ್ಲಿ ನೆಡೋದು?

ಹೇಳೋಕೆ ಪರೇಲ್‌ನಲ್ಲಿ ಹಸಿರು ಇದೆ. ಟವರ್‌ಗಳ ಜಾಹೀರಾತು ನೋಡಿ, ಎಲ್ಲದರಲ್ಲೂ ತೋಟ. ಆದರೆ ಆ ತೋಟ ಪೋಡಿಯಂ ಮೇಲೆ. ಮೂರು ನಾಲ್ಕು ಅಡಿ ಮಣ್ಣು, ಅದರ ಕೆಳಗೆ ಸ್ಲ್ಯಾಬ್, ಸ್ಲ್ಯಾಬ್ ಕೆಳಗೆ ಕಾರು. ಹುಲ್ಲು ಬರುತ್ತೆ, ಕುಂಡದ ಪಾಮ್ ಬರುತ್ತೆ, ಪಾದರಿಯ ತಾಯಿಬೇರು ಎಲ್ಲಿಗೆ ಹೋಗ್ಬೇಕು?

ನೆಲ ಸಿಗಬಹುದಿತ್ತು. ನಗರದ ಗಿರಣಿ ಜಾಗ ಒಟ್ಟು ಸುಮಾರು 600 ಎಕರೆ. 1991ರ ನಿಯಮದ ಪ್ರಕಾರ ಗಿರಣಿ ಜಾಗ ಹೊಸದಾಗಿ ಕಟ್ಟೋವಾಗ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬಯಲು ಮತ್ತು ಸಾರ್ವಜನಿಕ ಬಳಕೆಗೆ, ಇನ್ನೊಂದು ಪಾಲು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಅದನ್ನ ತಿದ್ದಿ, ಕಟ್ಟಡ ಇಲ್ಲದೆ ಖಾಲಿ ಬಿದ್ದಿರೋ ಜಾಗದಲ್ಲಿ ಮಾತ್ರ ಪಾಲು ಅಂದರು. ಗಿರಣಿ ಅಂದ್ರೆ ಶೆಡ್ಡೇ ಅಲ್ವಾ, ಖಾಲಿ ಎಷ್ಟಿರುತ್ತೆ? ಪರಿಸರ ಸಂಘಟನೆ ಕೋರ್ಟಿಗೆ ಹೋಯ್ತು. 2005ರಲ್ಲಿ ಹೈಕೋರ್ಟ್‌ನಲ್ಲಿ ಗೆದ್ದಿತು, 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತಿತು. ನಾವು ಕೂತು ಕೋಡ್ ಬರೆಯೋ ಗಾಜಿನ ಕಟ್ಟಡಗಳು ಎಷ್ಟೋ ಆ ಜಾಗದಲ್ಲೇ ಎದ್ದಿರೋದು. ಅದಕ್ಕೆ ನಾವು ಕಾರಣ ಅಂತ ನಾನು ಹೇಳಲ್ಲ. ಅಲ್ಲಿನ ಎಸಿ ಗಾಳಿ ಕುಡೀತಾ ಇದು ಗೊತ್ತಿಲ್ಲದೇ ಇರೋದು ಸರಿ ಅಲ್ಲ ಅಷ್ಟೇ.

ಹದಿನಾಲ್ಕರಲ್ಲಿ ಐದಕ್ಕೆ ಜಾಗ ಸಿಕ್ಕಿದೆ: ಎರಡು ಒಂದು ಶಾಲೆಯ ಅಂಗಳದಲ್ಲಿ, ಮೂರು ಹಳೇ ಚಾಳುಗಳಲ್ಲಿ. ಒಂದು ಹೌಸಿಂಗ್ ಸೊಸೈಟಿಯಲ್ಲಿ ಕೇಳಿದಾಗ "ಎಲೆ ಉದುರುತ್ತೆ, ಗುಡಿಸೋರು ಯಾರು" ಅಂದರು. ಚಾಳುಗಳೂ ಪುನರ್ನಿರ್ಮಾಣಕ್ಕೆ ಕಾಯ್ತಿವೆ, ನಮ್ಮ ನರ್ಸರಿಯ ಚಾಳು ಸಹಿತ. ಅಲ್ಲಿಯ ಜನಕ್ಕೆ ಸ್ವಂತ ಶೌಚಾಲಯ ಇರೋ ಮನೆ ಬೇಕು, ಅದು ನ್ಯಾಯವೇ. ಕಾಕಾ ಮಾತ್ರ ಸಭೆಯಲ್ಲಿ ಪ್ರತಿ ಸಲ ಒಂದೇ ಪ್ರಶ್ನೆ ಕೇಳ್ತಾರಂತೆ: ಹೊಸ ನಕ್ಷೆಯಲ್ಲಿ ಕಾರು ನಿಲ್ಲದ ನೆಲ ಎಷ್ಟು ಅಡಿ? ಬಿಲ್ಡರ್ ಇನ್ನೂ ಉತ್ತರ ಕೊಟ್ಟಿಲ್ಲ.

ಉಳಿದ ಒಂಬತ್ತು ಸಸಿಗಳನ್ನ ಈ ಮಳೆಗಾಲದಲ್ಲಿ ದೊಡ್ಡ ಚೀಲಕ್ಕೆ ಬದಲಾಯಿಸ್ತೀವಿ. ನಿಮ್ಮ ಆಫೀಸ್ ಕ್ಯಾಂಪಸ್‌ನಲ್ಲೋ ಸೊಸೈಟಿಯಲ್ಲೋ ಕೆಳಗೆ ಪಾರ್ಕಿಂಗ್ ಇಲ್ಲದ ನೆಲ ಇದ್ದರೆ ತಿಳಿಸಿ, ಸಸಿಯನ್ನ ಲೋಕಲ್‌ನಲ್ಲಿ ನಾನೇ ಹೊತ್ತು ತರ್ತೀನಿ. ಬೆಳಗ್ಗೆ ಎಂಟೂವರೆಯ ಗಾಡಿಯಲ್ಲಿ ಮಾತ್ರ ಬೇಡ.