ಬಳಚಿಗೆ ಕೀಟನಾಶಕ ಸೇರಿದ್ಯಾ? ಪರೀಕ್ಷೆ ಹೇಗೆ ಮಾಡ್ತಾರೆ, ತಿಳ್ಕೊಳ್ಳಿ

ಕುಮಟಾ: ಅಘನಾಶಿನಿ ಅಳಿವೆಯ ಬಳಚನ್ನು ನಂಬಿ ನೂರಾರು ಕುಟುಂಬಗಳು ಬದುಕುತ್ತಿವೆ. ಗದ್ದೆ, ತೋಟಕ್ಕೆ ಹೊಡೆದ ಔಷಧ ಮಳೆನೀರಿನ ಜೊತೆ ಹೊಳೆಗೆ ಇಳಿದ್ರೆ ಚಿಪ್ಪಿಗೂ ಸೇರಬಹುದು. ಅದನ್ನು ಪತ್ತೆ ಮಾಡೋದು ಹೇಗೆ? ಮಾಹಿತಿ ಇಲ್ಲಿದೆ.

ನೀರು ಬಿಟ್ಟು ಚಿಪ್ಪಿಯನ್ನೇ ಯಾಕೆ ಪರೀಕ್ಷಿಸಬೇಕು?
ಬಳಚು, ನೀಲಿಕಲ್ಲು ನೀರನ್ನು ಸೋಸಿ ಆಹಾರ ತಿನ್ನುತ್ತವೆ. ಮೀನಿನ ಹಾಗೆ ದೂರ ಹೋಗೋದಿಲ್ಲ. ಡಿಡಿಟಿ, ಎಂಡೋಸಲ್ಫಾನ್‌ನಂಥವು ಅವುಗಳ ಕೊಬ್ಬಿನಲ್ಲಿ ಸೇರಿ ಉಳೀತವೆ. ಒಂದು ಬಾಟ್ಲಿ ನೀರು ಆ ದಿನದ ಲೆಕ್ಕ ಕೊಟ್ರೆ, ಚಿಪ್ಪಿ ಹಿಂದಿನ ವಾರಗಳ ಲೆಕ್ಕವನ್ನೂ ಕೊಡ್ತದೆ. ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಈ ಉಪಾಯ ಹೇಳಿದ್ರು. 1986ರಲ್ಲಿ ಅಮೆರಿಕ ಸರ್ಕಾರ ತನ್ನ ಕರಾವಳಿಯಲ್ಲಿ 'ಮಸೆಲ್ ವಾಚ್' ಹೆಸರಲ್ಲಿ ಇದನ್ನು ಶುರು ಮಾಡ್ತು.

ಪರೀಕ್ಷೆ ಹೇಗೆ?
* ಪ್ರತಿಸಲ ಅದೇ ಜಾಗ, ಅದೇ ಹಂಗಾಮು, ಒಂದೇ ಗಾತ್ರದ ಚಿಪ್ಪಿ ಬೇಕು. ಮೊಟ್ಟೆ ಬಿಟ್ಟ ಮೇಲೆ ಕೊಬ್ಬು ಇಳಿಯೋದ್ರಿಂದ ಹಂಗಾಮು ಬದಲಾದ್ರೆ ಲೆಕ್ಕ ತಪ್ತದೆ.
* ಐಸ್‌ನಲ್ಲಿಟ್ಟು ಲ್ಯಾಬ್‌ಗೆ ಒಯ್ದು, ಮಾಂಸ ಅರೆದು, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಅಳೀತಾರೆ.
* ವರದಿ ಕೇಜಿಗೆ ಇಷ್ಟು ಮೈಕ್ರೋಗ್ರಾಂ ಅಂತ ಬರ್ತದೆ. 1 ಮೈಕ್ರೋಗ್ರಾಂ ಅಂದ್ರೆ ಗ್ರಾಂನ 10 ಲಕ್ಷದಲ್ಲಿ ಒಂದು ಪಾಲು.

ನಮ್ಮ ಕಡೆ ಏನು ಹುಡುಕಬೇಕು?
ಎಂಡೋಸಲ್ಫಾನ್ 2011ರಲ್ಲೇ ನಿಷೇಧ ಆಗಿದೆ. ಆದ್ರೆ ಹೊಳೆಯ ಮೇಲ್ಭಾಗದ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೀತಾರೆ. ಅದಕ್ಕೆ ಹಾಕೋ ಮೈಲುತುತ್ತದಲ್ಲಿ ತಾಮ್ರ ಇರ್ತದೆ. ಚಿಪ್ಪಿಗಳು ತಾಮ್ರವನ್ನೂ ಹಿಡಿದಿಟ್ಟುಕೊಳ್ತವೆ. ಎಂಡೋಸಲ್ಫಾನ್ ಹುಡುಕೋ ಪರೀಕ್ಷೆಯಲ್ಲಿ ತಾಮ್ರ ಕಾಣೋದಿಲ್ಲ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಹಾಗಾಗಿ ಮೇಲೆ ಏನು ಹೊಡೀತಾರೆ ಅಂತ ತಿಳ್ಕೊಂಡೇ ಪರೀಕ್ಷೆಯ ಪಟ್ಟಿ ಮಾಡಬೇಕು.

ತೊಳೆದು ಬೇಯಿಸಿದ್ರೆ ಹೋಗ್ತದಾ?
ಚೆನ್ನಾಗಿ ಬೇಯಿಸಿದ್ರೆ ರೋಗಾಣು ಸಾಯ್ತವೆ. ಕೊಬ್ಬಿಗೆ ಸೇರಿದ ಕೀಟನಾಶಕ ಪೂರ್ತಿ ಹೋಗೋದಿಲ್ಲ. ಒಂದೆರಡು ದಿನ ಶುದ್ಧ ನೀರಲ್ಲಿಟ್ರೂ ಅಷ್ಟೇ.

ಅನುಮಾನ ಬಂದ್ರೆ?
2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ, ಗಿರಾಕಿಯೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರೋರಿಗೆ ಈ ವಿಷಯ ತಿಳಿಸಿರಬೇಕು.

ಗಮನಿಸಿ: ಇಲ್ಲಿನ ಬಳಚಿನಲ್ಲಿ ವಿಷ ಇದೆ ಅಂತ ಈ ವರದಿ ಹೇಳ್ತಿಲ್ಲ. ಒಂದು ವಾಟ್ಸಾಪ್ ಮೆಸೇಜಿಗೆ ವಾರದ ವ್ಯಾಪಾರವೇ ಹಾಳಾಗಬಹುದು. ಒಂದೇ ಸಲದ ವರದಿಯನ್ನು ನಂಬಿ ಕೂರೋದೂ ಸರಿಯಲ್ಲ. ವರ್ಷ ವರ್ಷದ ಲೆಕ್ಕ ಇದ್ರೆ ಮಾತ್ರ ತೆಗೆಯೋರು, ಮಾರೋರು, ತಿನ್ನೋರು ಎಲ್ರಿಗೂ ಧೈರ್ಯ.