ಗಂಜಿ ಮತ್ತು ಕಾಲ್ನಡಿಗೆ: ಕರಾವಳಿಯ ಆರೋಗ್ಯದ ಒಂದು ಚರಿತ್ರೆ

ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ದಂಡಯಾತ್ರೆ, ಸಂಧಿವಿಗ್ರಹಗಳ ವೃತ್ತಾಂತವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಆ ಅರಸರ ಪ್ರಜೆಗಳು ದಿನವೂ ಏನನ್ನು ಉಂಡರು, ಎಷ್ಟು ದೂರ ನಡೆದರು ಎಂಬುದಕ್ಕೂ ಒಂದು ಚರಿತ್ರೆಯುಂಟು. ಅಡುಗೆಯ ವಿಷಯವಾಗಿ ಕನ್ನಡದಲ್ಲಿ ಗ್ರಂಥಗಳು ಇಲ್ಲದಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಪ್ರಕರಣವಿದೆ, ಹದಿನಾರನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ವಂತೂ ಅದಕ್ಕೇ ಮೀಸಲಾದುದು. ಒಕ್ಕಲು ಮನೆಯ ಬೆಳಗಿನ ಗಂಜಿಯ ಮಾತು ಬೇಕಾದರೆ ಮಾತ್ರ ನಾವು ಬೇರೆ ಕಡೆ ಹುಡುಕಬೇಕು. ಪರದೇಶಗಳಿಂದ ಬಂದ ಪ್ರವಾಸಿಗಳ ದಿನಚರಿ, ಊರಿನ ರೂಢಿ, ಈಚಿನ ವೈದ್ಯವಿಜ್ಞಾನ, ಈ ಮೂರನ್ನು ಸೇರಿಸಿ ಓದಿದರೆ ಆ ಚರಿತ್ರೆ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಇದಕ್ಕೆ ಒಂದು ಒಳ್ಳೆಯ ಸ್ಥಳ ನಂದಿಕೂರು. ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿಗೆ ಸೇರಿದ ಈ ಗ್ರಾಮ ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯ ಮೇಲಿದೆ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿಯೇ ಸಮುದ್ರ. ಪೂರ್ವಕ್ಕೆ ಬೆಳ್ಮಣ್ಣು, ನಿಟ್ಟೆಗಳನ್ನು ದಾಟಿದರೆ 1432ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳ, ಅದರಾಚೆ ಘಟ್ಟ. ಕಡಲಿನ ಮೀನೂ ಉಪ್ಪೂ ಮೇಲಕ್ಕೆ ಏರಿದುದು, ಒಳನಾಡಿನ ಭತ್ತವೂ ಮೆಣಸೂ ಕೆಳಕ್ಕೆ ಇಳಿದುದು ಇಂಥ ದಾರಿಗಳಲ್ಲಿಯೇ. ಬಹುಕಾಲ ಅವು ಸಾಗಿದುದು ಮನುಷ್ಯರ ತಲೆಯ ಮೇಲೆ.

ಕ್ರಿ.ಶ. 1342ರ ಸುಮಾರಿಗೆ ಈ ಕರಾವಳಿಯ ಮೂಲಕ ಹಾದುಹೋದ ಮೊರೊಕ್ಕೊ ದೇಶದ ಇಬ್ನ್ ಬತೂತನು ಇಲ್ಲಿಯ ಒಂದು ವಿಶೇಷವನ್ನು ಕಂಡು ಬೆರಗಾದನು. ಈ ನಾಡಿನಲ್ಲಿ ಯಾರೂ ಪ್ರಾಣಿಗಳ ಮೇಲೆ ಸವಾರಿ ಮಾಡುವುದಿಲ್ಲ. ಕುದುರೆ ಇರುವುದು ಅರಸನಲ್ಲಿ ಮಾತ್ರ. ಡೋಲಿಯಿಲ್ಲದವನು ಎಂಥವನೇ ಆಗಲಿ ನಡೆದೇ ಹೋಗಬೇಕು. ಸರಕುಗಳನ್ನು ಹೊರುವವರೂ ಕೂಲಿಯಾಳುಗಳೇ ಎಂದು ಅವನು ಬರೆದಿದ್ದಾನೆ. ಗೋವೆಯಿಂದ ಕೊಲ್ಲದವರೆಗೆ ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ಚಾವಡಿ, ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ, ಇವು ಅವನು ಕೊಡುವ ವಿವರಗಳು. ಆ ನೀರು ಎಲ್ಲರಿಗೂ ಒಂದೇ ರೀತಿಯಲ್ಲಿ ದೊರೆಯುತ್ತಿರಲಿಲ್ಲ. ಮುಸಲ್ಮಾನ ದಾರಿಗನ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರೆಂದೂ ಅವನೇ ಹೇಳುತ್ತಾನೆ. ಆದರೂ ನಡೆಯುವವನಿಗಾಗಿ ದಾರಿಯನ್ನು ಸಜ್ಜುಗೊಳಿಸಿದ್ದರು ಎಂಬುದನ್ನು ನಾವು ಮರೆಯಬಾರದು.

ಅರಸುಮನೆತನದವರೂ ಈ ನಡಿಗೆಗೆ ಹೊರತಾಗಿರಲಿಲ್ಲವೆನ್ನುವುದಕ್ಕೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ಬರಹ ಸಾಕ್ಷಿಯಾಗಿದೆ. 1623ರಲ್ಲಿ ಅವನು ಉಳ್ಳಾಲದ ರಾಣಿಯನ್ನು ಕಾಣಲು ಹೋದಾಗ ಅವಳು ಸಿಂಹಾಸನದ ಮೇಲೆ ಕುಳಿತಿರಲಿಲ್ಲ. ಬರಿಗಾಲಿನಲ್ಲಿ, ಸಾದಾ ಉಡುಪಿನಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡಿಕೊಂಡು ದಾರಿಯಲ್ಲಿ ನಡೆದು ಬರುತ್ತಿದ್ದಳು. ಮೊದಲ ನೋಟಕ್ಕೆ ಅಡುಗೆಯವಳಂತೆ ಕಂಡ ಆಕೆ ಮಾತಿಗೆ ತೊಡಗಿದಾಗ ವಿವೇಕಶಾಲಿನಿಯೆಂಬುದು ಅವನಿಗೆ ಮನವರಿಕೆಯಾಯಿತು.

ಈ ನಡಿಗೆಯ ರೂಢಿ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿಯೂ ಉಳಿದುಬಂದಿತು. ಮೊಗವೀರ ಹೆಂಗಸರು ಬೂತಾಯಿ, ಬಂಗುಡೆಗಳ ಬುಟ್ಟಿಯನ್ನು ತಲೆಯ ಮೇಲಿಟ್ಟು, ಮೀನು ಕೆಡುವುದರೊಳಗೆ ಒಳನಾಡಿನ ಮನೆಗಳಿಗೆ ಮುಟ್ಟಿಸಿ, ಭತ್ತವನ್ನೋ ಅಕ್ಕಿಯನ್ನೋ ಪಡೆದು ಹಿಂದಿರುಗುತ್ತಿದ್ದರು. ಯಕ್ಷಗಾನ ಮೇಳಗಳು ಸುಗ್ಗಿಯ ನಂತರದ ತಿಂಗಳುಗಳಲ್ಲಿ ವೇಷಭೂಷಣಗಳ ಪೆಟ್ಟಿಗೆಗಳನ್ನು ಹೊರಿಸಿಕೊಂಡು, ರಾತ್ರಿಯೆಲ್ಲ ಕುಣಿದು, ಹಗಲು ಮುಂದಿನ ಊರಿಗೆ ನಡೆದವು. ಬಿಸಿಲಿನಲ್ಲಿ ಬಂದವನಿಗೆ ಮನೆಯವರು ಮೊದಲು ನೀಡುತ್ತಿದ್ದುದು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬೆವರು ಹರಿಸಿ ಬಂದ ದೇಹಕ್ಕೆ ಅದಕ್ಕಿಂತ ಸರಳವಾದ ಉಪಚಾರ ದೊರೆಯದು.

ಇನ್ನು ಆಹಾರ. ಇಬ್ನ್ ಬತೂತನು ಇದೇ ಕರಾವಳಿಯ ಹೊನ್ನಾವರದಲ್ಲಿ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನವನ್ನು ಮಾತ್ರ ಉಂಡನಂತೆ. ಅದು ಅರಸನ ಊಟ: ತುಪ್ಪ, ಉಪ್ಪಿನಕಾಯಿ, ಮೀನು, ಕೋಳಿ, ಕೊನೆಗೆ ಮಜ್ಜಿಗೆ. ಜನಸಾಮಾನ್ಯರ ಊಟವಾದರೋ ಕುಸುಬಲಕ್ಕಿಯ ಗಂಜಿ, ಅದಕ್ಕೊಂದು ಚಟ್ನಿ, ಹುರುಳಿಯ ಸಾರು, ಹಿತ್ತಿಲಿನ ಬಸಳೆ, ಗದ್ದೆಯ ಬದುವಿನ ಒಂದೆಲಗದ ತಂಬುಳಿ, ಸಿಕ್ಕಿದ ದಿನ ಮೀನು. ಮಳೆ ಹಿಡಿದು ಕೆಲಸ ನಿಂತು, ಕಣಜ ಬರಿದಾಗುವ ಆಟಿ ತಿಂಗಳಿನಲ್ಲಿ ತಗಟೆ ಸೊಪ್ಪು, ಕೆಸುವಿನ ಪತ್ರೊಡೆ, ಎಳೆಬಿದಿರಿನ ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಇವುಗಳೇ ಆಧಾರ. ಈಗ ಮಂಗಳೂರು, ಉಡುಪಿಗಳ ಸಭಾಭವನಗಳಲ್ಲಿ ‘ಆಟಿಡೊಂಜಿ ದಿನ’ ಎಂಬ ಹೆಸರಿನಿಂದ ಅದೇ ಪದಾರ್ಥಗಳನ್ನು ಸಾಲಾಗಿ ಜೋಡಿಸಿ ಔತಣ ಮಾಡುತ್ತಾರೆ. ಒಂದು ಕಾಲದ ಬರಗಾಲದ ಆಹಾರ ಇನ್ನೊಂದು ಕಾಲದ ವಿಶೇಷ ಭೋಜನವಾಯಿತು.

ಕುಸುಬಲಕ್ಕಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಭತ್ತವನ್ನು ನೆನೆಸಿ, ಹೊಟ್ಟಿನೊಡನೆಯೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟುವುದು ಇದರ ಕ್ರಮ. ಹೀಗೆ ಬೇಯಿಸುವಾಗ ತೌಡಿನ ಪದರದಲ್ಲಿರುವ ಸತ್ತ್ವದ ಒಂದು ಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ. ಕುಟ್ಟಿದರೂ ತೊಳೆದರೂ ಅದು ಪೂರ್ತಿಯಾಗಿ ಹೋಗದು. ಈ ಕ್ರಮವನ್ನು ಕಂಡುಹಿಡಿದವರು ಯಾವ ಪ್ರಯೋಗಶಾಲೆಯನ್ನೂ ಕಂಡವರಲ್ಲ. ಇದರ ಬೆಲೆ ಲೋಕಕ್ಕೆ ತಿಳಿದುದು ಬಹಳ ತಡವಾಗಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ನನು, ನುಣುಪಾದ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳಿಗೆ ಬೆರಿಬೆರಿಯಂಥ ನರರೋಗ ಬರುವುದನ್ನೂ, ತೌಡು ತೆಗೆಯದ ಅಕ್ಕಿಯಿಂದ ಅದು ವಾಸಿಯಾಗುವುದನ್ನೂ ಕಂಡನು. 1905ರಲ್ಲಿ ವಿಲಿಯಂ ಫ್ಲೆಚರನು ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಅರ್ಧ ಜನಕ್ಕೆ ಬಿಳಿಯ ಸಯಾಮೀ ಅಕ್ಕಿಯನ್ನೂ ಉಳಿದರ್ಧಕ್ಕೆ ಭಾರತದಿಂದ ಹೋದ ಕುಸುಬಲಕ್ಕಿಯನ್ನೂ ಕೊಟ್ಟು ನೋಡಿದನು. ಮೊದಲನೆಯ ಗುಂಪಿನಲ್ಲಿ ಅನೇಕರು ಬೆರಿಬೆರಿಗೆ ತುತ್ತಾದರು, ಕೆಲವರು ಸತ್ತರು. ಎರಡನೆಯ ಗುಂಪಿನವರು ಆ ರೋಗದಿಂದ ಪಾರಾದರು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂದಿತು. ನಮ್ಮ ದೇಶದ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ನನು ಬೇರೆ ಬೇರೆ ಪ್ರಾಂತಗಳ ಆಹಾರವನ್ನು ಇಲಿಗಳಿಗೆ ತಿನ್ನಿಸಿ ಪರೀಕ್ಷಿಸಿದಾಗ, ಗೋಧಿ, ಹಾಲು, ಕಾಳು, ತರಕಾರಿಗಳಿಂದ ಕೂಡಿದ ಪಂಜಾಬಿನ ಸಿಖ್ಖರ ಆಹಾರ ಶ್ರೇಷ್ಠವೆಂದೂ, ಬಿಳಿಯ ಅನ್ನವೇ ಪ್ರಧಾನವಾದ ಮದರಾಸಿನ ಆಹಾರ ತೀರ ದುರ್ಬಲವೆಂದೂ ಕಂಡುಬಂದಿತು. ಮೈಸೂರು ಸೀಮೆಯವರು ಇಲ್ಲಿ ತಮ್ಮ ರಾಗಿಯನ್ನು ನೆನೆದುಕೊಳ್ಳಬಹುದು. ಪೇಟೆ ಸೇರಿದವರು ಮುದ್ದೆಯನ್ನು ಒರಟೆಂದು ಬಿಟ್ಟುದೂ, ಕರಾವಳಿಯವರು ಕೆಂಪಕ್ಕಿಯನ್ನು ಬಿಟ್ಟುದೂ ಒಂದೇ ಕಥೆ.

ಹಾಗೆಂದು ಹಿಂದಿನ ಕಾಲವನ್ನು ಸತ್ಯಯುಗವೆಂದು ವರ್ಣಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. 1941ರಿಂದ 1950ರವರೆಗಿನ ದಶಕದಲ್ಲಿ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಮಲೇರಿಯ, ಹೆರಿಗೆಯ ಮರಣ, ಶಿಶುಮರಣಗಳು ಮನೆಮನೆಗೂ ಪರಿಚಿತವಾಗಿದ್ದುವು. ಹೊರೆ ಹೊತ್ತು ನಡೆದವರು ಆರೋಗ್ಯಕ್ಕಾಗಿ ನಡೆದವರಲ್ಲ, ಹೊಟ್ಟೆಗಾಗಿ ನಡೆದವರು. ಅವರಲ್ಲಿ ಅನೇಕರಿಗೆ ಗಂಜಿಯಲ್ಲಿ ತಿಳಿಯೇ ಹೆಚ್ಚು, ಅಗುಳು ಕಡಮೆ. ಊಟದಲ್ಲಿಯೂ ದೋಷವಿದ್ದಿತು. ಉಪ್ಪಿನಕಾಯಿ, ಒಣಮೀನು, ಹಪ್ಪಳಗಳಿಂದ ದೇಹಕ್ಕೆ ಉಪ್ಪು ಅತಿಯಾಗಿ ಸೇರುತ್ತಿದ್ದಿತು. ದಿನವೆಲ್ಲ ಬೆವರಿದವನಿಗೆ ಅದು ಒಂದು ವೇಳೆ ನಡೆದೀತು. ಪಂಖದ ಕೆಳಗೆ ಕುಳಿತವನಿಗೆ ನಡೆಯದು. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಆದುದರಿಂದ ಹಳೆಯದನ್ನು ಇಡಿಯಾಗಿ ಮರಳಿ ತರುವ ಮಾತು ಬೇಡ. ಅದರಲ್ಲಿ ಯಾವುದು ನಮ್ಮನ್ನು ಕಾಯಿತು, ಯಾವುದು ಕಾಡಿತು ಎಂಬ ವಿವೇಚನೆ ಬೇಕು.

ಬದಲಾವಣೆ ಹೇಗೆ ಬಂದಿತು? ಮೊದಲು ಅಕ್ಕಿಯ ಗಿರಣಿ ಬಂದು ಒನಕೆಯನ್ನು ಮೂಲೆಗೆ ತಳ್ಳಿತು. ಅದರಿಂದ ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆತುದು ನ್ಯಾಯವೇ. ಆದರೆ ಅಕ್ಕಿ ಬೆಳ್ಳಗಾಯಿತು. ಬಸ್ಸು ಬಂದಿತು, ಸೇತುವೆಗಳಾದುವು. 1993ರಲ್ಲಿ ಮಂಗಳೂರಿನಿಂದ ಉಡುಪಿಗೆ ಕೊಂಕಣ ರೈಲು ಓಡಿತು. ನಂದಿಕೂರಿನ ಹೆಸರಿನಲ್ಲಿಯೇ ಒಂದು ನಿಲ್ದಾಣವಾಯಿತು. ನೆರೆಯ ಯೆಲ್ಲೂರಿನಲ್ಲಿ 1200 ಮೆಗಾವಾಟ್ ಶಕ್ತಿಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಎದ್ದಿತು. ಇತ್ತ ಉಡುಪಿಯ ಅಡುಗೆ ದೇಶಾಂತರ ಹೋಯಿತು. ಉಡುಪಿ ಸೀಮೆಯಿಂದ ಬಂದ ಮಯ್ಯ ಸೋದರರು ಬೆಂಗಳೂರಿನಲ್ಲಿ 1924ರಲ್ಲಿ ಆರಂಭಿಸಿದ ಫಲಾಹಾರ ಮಂದಿರವೂ, ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ತೆರೆದ ವುಡ್‌ಲ್ಯಾಂಡ್ಸೂ ಕೀರ್ತಿಯನ್ನು ಗಳಿಸಿದುವು. ಶುಚಿಗೂ ರುಚಿಗೂ ಅವು ಮಾದರಿಯಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೋಕವು ‘ಉಡುಪಿಯ ಊಟ’ವೆಂದು ತಿಳಿದುದು ತುಪ್ಪದ ದೋಸೆ, ಕೇಸರಿಭಾತು, ಸಕ್ಕರೆಯ ಕಾಫಿಗಳನ್ನು, ಹುರುಳಿಯ ಸಾರನ್ನೂ ತಂಬುಳಿಯನ್ನೂ ಅಲ್ಲ. ಅಪರೂಪದ ದಿನಗಳಿಗೆ ಮೀಸಲಾಗಿದ್ದ ತಿಂಡಿ ಪ್ರತಿನಿತ್ಯದ್ದಾಯಿತು. ಕಾಲು ನಿಂತಿತು, ತಟ್ಟೆ ತುಂಬಿತು.

ಇದರ ಫಲವನ್ನು ವೈದ್ಯರು ಲೆಕ್ಕ ಹಾಕಿದ್ದಾರೆ. ಮಣಿಪಾಲದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ 1953ರಲ್ಲಿಯೇ, ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯನ ಒಂದು ಶೋಧನೆ ಪ್ರಕಟವಾಯಿತು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯರೋಗ ಕಡಮೆಯೆಂದು ಅವನು ತೋರಿಸಿದನು. ಒಂದೇ ಬಸ್ಸು, ಒಂದೇ ಊರು. ಕಾಲಿನ ಕೆಲಸ ಮಾತ್ರ ಬೇರೆ. ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕ ಜನ ಮಧುಮೇಹಿಗಳೆಂದು ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮವನ್ನು ವಯಸ್ಕರೆಲ್ಲರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ವಾರದ ಆ ಲೆಕ್ಕವನ್ನು ಮೀನಿನ ಬುಟ್ಟಿಯ ಹೆಂಗಸು ಒಂದು ದಿನದಲ್ಲಿ ಮುಗಿಸುತ್ತಿದ್ದಿರಬೇಕು.

ಇಷ್ಟು ಬಲ್ಲ ನಾವು ಏಕೆ ನಡೆಯುವುದಿಲ್ಲ? ಏಕೆ ಮಿತವಾಗಿ ಉಣ್ಣುವುದಿಲ್ಲ? ಸಾಮಾನ್ಯವಾಗಿ ಇದನ್ನು ಮನಸ್ಸಿನ ದೌರ್ಬಲ್ಯವೆಂದು ಹಳಿಯುತ್ತೇವೆ. ಚರಿತ್ರೆ ಬೇರೆ ಉತ್ತರವನ್ನು ಕೊಡುತ್ತದೆ. ಹಿಂದಿನವರು ನಮಗಿಂತ ದೃಢಸಂಕಲ್ಪರಾಗಿದ್ದರೆಂದು ತಿಳಿಯಲು ಆಧಾರವಿಲ್ಲ. ಅವರ ಊಟವೂ ನಡಿಗೆಯೂ ಸಂಕಲ್ಪದ ಮೇಲೆ ನಿಂತಿರಲಿಲ್ಲ. ಬದುಕಿನ ಏರ್ಪಾಟಿನ ಮೇಲೆ ನಿಂತಿದ್ದುವು. ಹಿತ್ತಿಲಿನಲ್ಲಿ ಬಸಳೆಯ ಚಪ್ಪರವಿದ್ದುದರಿಂದ ಬಸಳೆ ತಟ್ಟೆಗೆ ಬಂದಿತು. ದಾರಿಯಲ್ಲಿ ನೆರಳೂ ಬಾವಿಯೂ ಇದ್ದುದರಿಂದ ದಾರಿ ಸವೆಯಿತು. ಏರ್ಪಾಟು ಕಳಚಿಬಿದ್ದ ಮೇಲೆ ಬರಿಯ ಉಪದೇಶದಿಂದ ರೂಢಿ ಹುಟ್ಟುವುದಿಲ್ಲ. ಹೊಸ ಏರ್ಪಾಟನ್ನೇ ಕಟ್ಟಬೇಕು.

ಇದಕ್ಕೆ ನಿದರ್ಶನವೂ ಅದೇ ಸೀಮೆಯಲ್ಲಿದೆ. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಉಳಿತಾಯ ಒಳ್ಳೆಯದೆಂದು ಬಡವನಿಗೂ ಗೊತ್ತು. ಆದರೆ ಎರಡಾಣೆಯನ್ನು ಹಿಡಿದು ಬ್ಯಾಂಕಿನ ಮೆಟ್ಟಿಲನ್ನು ಅವನು ಹತ್ತಲಾರ. ಆದುದರಿಂದ ಬ್ಯಾಂಕಿನ ಪ್ರತಿನಿಧಿಯೇ ದಿನವೂ ಅವನ ಬಾಗಿಲಿಗೆ ನಡೆದು ಬಂದು ಆ ಎರಡಾಣೆಯನ್ನು ಪಡೆದುಕೊಂಡನು. ಮೊತ್ತ ಚಿಕ್ಕದು, ಆದರೆ ಪ್ರತಿದಿನದ್ದು. ಕೇಳಲು ಒಬ್ಬ ಮನುಷ್ಯ ಬರುತ್ತಾನೆ. ಇಷ್ಟೇ ಅದರ ಗುಟ್ಟು.

ದೇಹದ ಉಳಿತಾಯಕ್ಕೂ ಇದೇ ನ್ಯಾಯ. ಒಂದು ಭಾನುವಾರ ಹತ್ತು ಮೈಲಿ ನಡೆದು ಆರು ದಿನ ಮಲಗುವುದಕ್ಕಿಂತ, ದಿನವೂ ಅರ್ಧ ಗಂಟೆ ನಡೆಯುವುದು ಮೇಲು. ಅದನ್ನು ಅಂಗಡಿಯ ದಾರಿಗೋ ಕಚೇರಿಯ ದಾರಿಗೋ ಹೊಂದಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಬಾಗಿಲಿನಲ್ಲಿ ಕರೆಯುವ ನೆರೆಯವನೊಬ್ಬನಿದ್ದರೆ ಇನ್ನೂ ಲೇಸು. ಊಟದಲ್ಲಿಯೂ ಹಾಗೆಯೇ. ಮನೆಗೆ ತರುವ ಅಕ್ಕಿಯೇ ಕೆಂಪಗಿದ್ದರೆ, ಕಾಳೂ ಸೊಪ್ಪೂ ಎಂದಿನ ಅಡುಗೆಯಾದರೆ, ತಟ್ಟೆಯ ಮುಂದೆ ಕುಳಿತು ಸಂಕಲ್ಪ ಮಾಡುವ ಕಷ್ಟ ತಪ್ಪುತ್ತದೆ. ಕುಸುಬಲಕ್ಕಿಯೂ ಅಕ್ಕಿಯೇ ಎಂಬುದನ್ನು ಮಾತ್ರ ಮರೆಯದೆ, ನಡೆಯದವನು ನೇಗಿಲು ಹಿಡಿದವನಷ್ಟು ಅನ್ನವನ್ನು ಬಡಿಸಿಕೊಳ್ಳಬಾರದು.

ಉಳಿದ ಕೆಲಸ ಊರಿನದು. ಲಾರಿಗಳು ಭೋರ್ಗರೆಯುವ ರಸ್ತೆಯ ಅಂಚಿನಲ್ಲಿ ಕಾಲಿಡಲು ಜಾಗವಿಲ್ಲದ ಕಡೆ ಮುದುಕರನ್ನೂ ಹೆಂಗಸರನ್ನೂ ಮಕ್ಕಳನ್ನೂ ನಡೆಯಿರೆಂದು ಹೇಳುವುದು ಪರಿಹಾಸ್ಯವಾಗುತ್ತದೆ. ಹದಿನಾಲ್ಕನೆಯ ಶತಮಾನದ ಪರದೇಶಿಗೆ ಈ ಕರಾವಳಿ ಒದಗಿಸಿದ್ದ ನೆರಳು, ಜಗಲಿ, ಕುಡಿಯುವ ನೀರು ಇವುಗಳನ್ನು ಇಂದಿನ ನಮ್ಮ ನಗರಸಭೆಗಳೂ ಪಂಚಾಯತಿಗಳೂ ತಮ್ಮ ಜನಕ್ಕೆ, ಈ ಬಾರಿ ಭೇದವಿಲ್ಲದೆ ಎಲ್ಲರಿಗೂ, ಒದಗಿಸುವುದು ಅಸಾಧ್ಯವಲ್ಲ. ಆಸ್ಪತ್ರೆಗೆ ಸುರಿಯುವ ಹಣದ ಒಂದು ಪಾಲನ್ನು ಕಾಲುದಾರಿಗೆ ಖರ್ಚುಮಾಡುವ ಊರು ನಷ್ಟಪಡುವುದಿಲ್ಲ.