ಯಾವ ವರ್ಷದ ರೈಲು?

ಮಕ್ಕಳ ಆಟಿಕೆಯ ರೈಲಿಗೂ ದೊಡ್ಡವರು ಕೈಯಾರೆ ಕಟ್ಟುವ ಮಾದರಿ ರೈಲಿಗೂ ಇರುವ ಅಂತರ ಗಾತ್ರದ್ದಲ್ಲ. ಮಗುವಿನ ರೈಲಿಗೆ ಊರಿಲ್ಲ, ಕಾಲವಿಲ್ಲ. ಕೀಲಿ ಕೊಟ್ಟರೆ ಸುತ್ತುತ್ತದೆ, ಕೀಲಿ ಮುಗಿದರೆ ನಿಲ್ಲುತ್ತದೆ. ದೊಡ್ಡವರ ರೈಲಿಗೆ ಒಂದು ಊರು ಬೇಕು, ಒಂದು ಇಸವಿ ಬೇಕು. ಇಸವಿ ನಿಶ್ಚಯವಾಗದೆ ಎಂಜಿನ್ನಿಗೆ ಬಣ್ಣ ಬಳಿಯುವಂತಿಲ್ಲ, ಸಿಗ್ನಲ್ ಕಂಬ ನೆಡುವಂತಿಲ್ಲ, ಪ್ಲಾಟ್‌ಫಾರಂ ಮೇಲೆ ನಿಲ್ಲಿಸುವ ಹೆಂಗಸಿನ ಉಡುಪು ಯಾವುದೆಂದೂ ತಿಳಿಯುವುದಿಲ್ಲ. ಉರ್ದುವಿನಲ್ಲಿ ಇಂಥ ಹುಚ್ಚಿಗೆ ಶೌಕ್ ಎನ್ನುತ್ತಾರೆ. ಹವ್ಯಾಸ ಎಂದರೆ ಅದರ ಅರ್ಧ ಮಾತ್ರ ಬರುತ್ತದೆ. ಶೌಕ್ ಇರಲಿ ಹವ್ಯಾಸವಿರಲಿ, ಇದನ್ನು ಇತಿಹಾಸ ಬರೆಯುವ ಒಂದು ಬಗೆ ಎಂದು ಕರೆಯಲು ನಮಗೆ ಸಂಕೋಚವಿಲ್ಲ.

ಆಟಿಕೆಯ ಚರಿತ್ರೆ ಚಿಕ್ಕದು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಗೆ ನಿಗದಿತ ಅಳತೆಯ ಹಳಿಗಳನ್ನು ತಂದಿತು. ಒಮ್ಮೆ ಕೊಂಡವರು ಮುಂದಿನ ವರ್ಷ ಇನ್ನಷ್ಟು ಹಳಿ ಕೊಂಡು ಜೋಡಿಸಬಹುದಾಯಿತು. ಇಂಗ್ಲೆಂಡಿನ ಹಾರ್ನ್‌ಬಿ 1920ರಲ್ಲಿ ಈ ವ್ಯಾಪಾರಕ್ಕೆ ಇಳಿಯಿತು. ಮೇಜಿನ ಮೇಲೆ ಹಿಡಿಯುವಷ್ಟು ಚಿಕ್ಕ ರೈಲನ್ನು 1938ರಲ್ಲಿ ತಂದಿತು. ನಮ್ಮ ಕಥೆ ಇರುವುದು ಅಂಗಡಿಯ ಪೆಟ್ಟಿಗೆಯಲ್ಲಲ್ಲ, ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ.

1925ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೂ ಇಪ್ಪತ್ತು ತುಂಬದ ಹುಡುಗನೊಬ್ಬ ಇಂಗ್ಲೆಂಡಿಗೆ ಬಂದ. ಅವನ ಹೆಸರು ರಾಯ್ ಇಂಗ್ಲೆಂಡ್. ಇಂಗ್ಲೆಂಡನ್ನು ಉಳಿಸಲು ಹೊರಟವನು ಹೊರಗಿನವನು, ಅವನ ಅಡ್ಡಹೆಸರೇ ಇಂಗ್ಲೆಂಡ್! ಕಥೆಗಾರ ಇಂಥದ್ದನ್ನು ಕಲ್ಪಿಸಿದರೆ ಸಂಪಾದಕರು ಹೊಡೆದುಹಾಕಿಯಾರು. ಅವನಿಗೆ ಮೋಹವಿದ್ದದ್ದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಉಗಿಬಂಡಿಗಳ ಮೇಲೆ. ಸ್ವಿಂಡನ್ ಸುತ್ತಿನ ಹಳ್ಳಿಗಳಲ್ಲಿ ಓಡಾಡುವಾಗ ಕಣ್ಣಿಗೆ ಬಿದ್ದದ್ದು ಬೇರೆ. ನೂರಾರು ವರ್ಷದ ಮನೆಗಳ ಹುಲ್ಲಿನ ಮಾಡು ಹೋಗಿ ಆಸ್ಬೆಸ್ಟಾಸ್ ಬರುತ್ತಿತ್ತು, ಹಳೆಯ ಗೋಡೆಗಳು ಉರುಳುತ್ತಿದ್ದವು. ತಡೆಯುವ ಅಧಿಕಾರ ಅವನಿಗಿರಲಿಲ್ಲ. ಆದರೆ ಅಳತೆ ತೆಗೆದುಕೊಳ್ಳಲು ಯಾರ ಅಪ್ಪಣೆ ಬೇಕು? ಟೇಪು ಹಿಡಿದು ಹೊರಟ.

ಅವನು ಬಳಸಿದ ಅಳತೆಯಲ್ಲಿ ಒಂದು ಅಡಿ ಎಂದರೆ ನಾಲ್ಕು ಮಿಲಿಮೀಟರ್. ಆರಡಿ ಆಳು ಒಂದು ಅಂಗುಲಕ್ಕೂ ಕಡಿಮೆ. ಮೂರು ಅಂಗುಲ ದಪ್ಪದ ಇಟ್ಟಿಗೆ ಒಂದೇ ಮಿಲಿಮೀಟರ್. ರಟ್ಟಿನ ಮೇಲೆ ಇಟ್ಟಿಗೆಗಳ ಗೆರೆ ಕೊರೆದು ಜಲವರ್ಣ ಬಳಿಯುವ ಕೆಲಸವಿದು. ಒಂದು ಮನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವಕ್ಕೆ ವರ್ಷಗಳೇ ಬೇಕು. ಹಿತ್ತಿಲಿನ ಹೂಗಿಡಗಳನ್ನೂ ಬಿಡಲಿಲ್ಲ. ಕೆಲವು ಮನೆಗಳ ಒಳಗೆ ಮೇಜು ಕುರ್ಚಿಗಳೂ ಇವೆ, ನೋಡುವವರ ಕಣ್ಣು ಕಿಟಕಿ ದಾಟಿ ಹೋಗುವುದು ಕಷ್ಟವಾದರೂ. 1954ರಲ್ಲಿ ಆ ಹಳ್ಳಿಯಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯ ಶುರುವಾಯಿತು. 1995ರಲ್ಲಿ ರಾಯ್ ತೀರಿಕೊಂಡ ಮೇಲೂ ಅಲ್ಲಿನ ಸ್ವಯಂಸೇವಕರು ಕೆಲಸ ನಿಲ್ಲಿಸಿಲ್ಲ. ಹೊರಗೆ ಕಾಲ ಎಷ್ಟೇ ಓಡಲಿ, ಆ ಕಣಿವೆಯಲ್ಲಿ 1920ರ ದಶಕದ ಕೊನೆ, 1930ರ ದಶಕದ ಆರಂಭ. ಅದರಾಚೆ ಬಂದ ಎಂಜಿನ್ನಿಗೆ ಅಲ್ಲಿ ದಾರಿಯಿಲ್ಲ.

ಕಟ್ಟುವುದು ಅರ್ಧ, ಓಡಿಸುವುದು ಇನ್ನರ್ಧ. ಉಗಿಯ ಕಾಲವನ್ನೇ ಇಷ್ಟೊಂದು ಜನ ಆರಿಸಿಕೊಳ್ಳಲು ಹೊಗೆಯ ಮೋಹವೊಂದೇ ಕಾರಣವಲ್ಲ. ಉಗಿಬಂಡಿಗೆ ಚಾಕರಿ ಜಾಸ್ತಿ. ಕೊನೆಯ ನಿಲ್ದಾಣಕ್ಕೆ ಬಂದ ಎಂಜಿನ್ ಬೋಗಿಗಳಿಂದ ಕಳಚಿಕೊಳ್ಳಬೇಕು, ಪಕ್ಕದ ಹಳಿಯಲ್ಲಿ ಹಿಂದೆ ಹೋಗಿ ಇನ್ನೊಂದು ತುದಿಗೆ ಸೇರಬೇಕು. ನಡುವೆ ನೀರು ಕುಡಿಯಬೇಕು, ಕಲ್ಲಿದ್ದಲು ತುಂಬಿಕೊಳ್ಳಬೇಕು, ಬೂದಿ ಸುರಿಯಬೇಕು. ಮುಖ ತಿರುಗಿಸಲು ತಿರುಗುಮೇಜು ಬೇಕು. ಎರಡೂ ತುದಿಯಲ್ಲಿ ಚಾಲಕನ ಕೋಣೆಯಿರುವ ಡೀಸೆಲ್ ಬಂಡಿಯಲ್ಲಿ ಡ್ರೈವರ್ ಈ ತುದಿಯಿಂದ ಇಳಿದು ಆ ತುದಿಗೆ ಹತ್ತಿದರೆ ಮುಗಿಯಿತು. ಆಡುವವರಿಗೆ ಅದರಲ್ಲೇನು ರುಚಿ?

ಪೀಟರ್ ಡೆನ್ನಿ ಎಂಬ ಪಾದ್ರಿ ಎರಡನೆಯ ಮಹಾಯುದ್ಧ ಮುಗಿದ ಸುಮಾರಿಗೆ ಬಕಿಂಗ್‌ಹ್ಯಾಮ್ ಎಂಬ ನಿಲ್ದಾಣ ಕಟ್ಟಲು ತೊಡಗಿದರು. ಊರು ನಿಜ, ಆದರೆ ಗ್ರೇಟ್ ಸೆಂಟ್ರಲ್ ಕಂಪನಿಯ ಹಳಿ ಆ ಊರಿಗೆ ಹೋದದ್ದೇ ಇಲ್ಲ. ಹೋಗಿದ್ದರೆ 1907ರ ಸುಮಾರಿಗೆ ಹೇಗಿರುತ್ತಿತ್ತು ಎಂಬುದನ್ನು ಅವರು ಕಟ್ಟಿದರು, ವೇಳಾಪಟ್ಟಿ ಮಾಡಿ ಅದರಂತೆ ಓಡಿಸಿದರು. ಒಬ್ಬ ಸಿಗ್ನಲ್‌ಮನ್ ಗಂಟೆ ಬಾರಿಸಿ 'ದಾರಿ ಖಾಲಿಯೇ?' ಎಂದು ಕೇಳಬೇಕು, ಇನ್ನೊಬ್ಬ ಗಂಟೆಯಲ್ಲೇ ಉತ್ತರಿಸಬೇಕು. ಆ ಇನ್ನೊಬ್ಬನ ಕೆಲಸಕ್ಕೆ ಮಗ ಇರುತ್ತಿದ್ದ. ಮಗ ಸಿಗದ ದಿನಗಳಿಗಾಗಿ ಡೆನ್ನಿ ಒಂದು ಯಂತ್ರ ಮಾಡಿ, ಅದಕ್ಕೆ ಮಗನ ಹೆಸರನ್ನೇ ಸೇರಿಸಿ 'ಆಟೊಮ್ಯಾಟಿಕ್ ಕ್ರಿಸ್ಪಿನ್' ಎಂದರು. ಥಾಮಸ್ ಎಂಬ ನೀಲಿ ಎಂಜಿನ್ನಿನ ಕಥೆ ಬರೆದ ಆಡ್ರಿ ಕೂಡ ಪಾದ್ರಿಯೇ, ಅವರೂ ಮಾದರಿ ರೈಲು ಓಡಿಸಿದವರೇ. ಪಾದ್ರಿಗಳಿಗೂ ಈ ಆಟಕ್ಕೂ ಏನು ನಂಟೋ!

ದೂರದ ವಿಷಯದಲ್ಲಿ ಮಾತ್ರ ಎಲ್ಲರೂ ಮೋಸ ಮಾಡಲೇಬೇಕು. ನಾಲ್ಕು ಮಿಲಿಮೀಟರಿನ ಲೆಕ್ಕದಲ್ಲಿ ಒಂದು ಮೈಲಿಗೆ 21 ಮೀಟರ್ ಜಾಗ ಬೇಕು. ಯಾರ ಮನೆಯಲ್ಲಿದೆ? ಹಾಗಾಗಿ ಊರೂರುಗಳ ನಡುವಿನ ಹೊಲಗಳು ಕುಗ್ಗುತ್ತವೆ, ಗಡಿಯಾರವನ್ನು ಬೇಗ ಓಡಿಸುತ್ತಾರೆ. ಹಲಗೆಯ ಹಿಂದೆ ಕಣ್ಣಿಗೆ ಬೀಳದ ಹಳಿಗಳಿರುತ್ತವೆ. ರೈಲು ಅಲ್ಲಿಗೆ ಹೋದರೆ ಪಟ್ಟಣಕ್ಕೆ ಹೋಯಿತೆಂದು ಅರ್ಥ.

1948ರ ಜನವರಿ 1ರಂದು ಬ್ರಿಟನ್ನಿನ ರೈಲುಗಳು ರಾಷ್ಟ್ರೀಕರಣಗೊಂಡು ಗ್ರೇಟ್ ವೆಸ್ಟರ್ನ್ ಎಂಬ ಕಂಪನಿ ಇಲ್ಲವಾಯಿತು. 1963ರ ಬೀಚಿಂಗ್ ವರದಿಯ ನಂತರ ಹಳ್ಳಿಗಾಡಿನ ಸಾವಿರಾರು ಮೈಲಿ ಹಳಿಗಳನ್ನು ಕಿತ್ತರು. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆಯ ಮುಖ್ಯ ಹಳಿಗಳ ಕೊನೆಯ ಉಗಿಬಂಡಿ ಪ್ರಯಾಣಿಕರನ್ನು ಹೊತ್ತು ಓಡಿತು. ಅಲ್ಲಿಂದ ಮುಂದೆ ಹುಟ್ಟಿದವರಿಗೆ ಹಳ್ಳಿಯ ನಿಲ್ದಾಣ ನೋಡಬೇಕೆಂದರೆ ಹಲಗೆಯ ಮೇಲಿನದೇ ಗತಿಯಾದದ್ದೂ ಉಂಟು.

ಈ ಕೆಲಸವನ್ನು ಮೆಚ್ಚುವಾಗಲೂ ನಮಗೆ ಒಂದು ಮಾತು ಕೇಳಬೇಕೆನಿಸುತ್ತದೆ. ಹುಲ್ಲಿನ ಮಾಡು ನೋಡುವವರಿಗೆ ಚೆಂದ. ಅದರ ಕೆಳಗೆ ಬಾಳಿದ ಕೂಲಿಯವನ ಹೆಂಡತಿಯನ್ನು ಕೇಳಿದ್ದರೆ, ಸೋರದ ಆಸ್ಬೆಸ್ಟಾಸೇ ಇರಲಿ ಎಂದಿರುತ್ತಿದ್ದಳೇನೋ. ಹಾಗೆಯೇ ಫೈರ್‌ಮನ್. ನಿಜವಾದ ಎಂಜಿನ್ನಿನಲ್ಲಿ ಅವನು ಬೆಂಕಿಯ ಬಾಯಿಗೆ ಟನ್‌ಗಟ್ಟಲೆ ಕಲ್ಲಿದ್ದಲು ಎತ್ತಿ ಹಾಕಬೇಕಿತ್ತು. ಮಾದರಿ ಎಂಜಿನ್ ಓಡುವುದು 12 ವೋಲ್ಟ್ ವಿದ್ಯುತ್ತಿನಿಂದ. ಫೈರ್‌ಮನ್ನಿನ ಗೊಂಬೆ ಸಲಿಕೆ ಹಿಡಿದು ಸುಮ್ಮನೆ ನಿಂತಿರುತ್ತದೆ.

ನಮ್ಮ ನಾಡಿನ ಉಗಿಕಾಲವನ್ನು ಕಟ್ಟಲು ಹೊರಟವರಿಗೆ ಮೊದಲ ತೊಡಕು ಹಳಿಯದೇ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳಿಯ ಅಗಲ 16.5 ಮಿ.ಮೀ. 87ರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಅದು ಯುರೋಪಿನ ಹಳಿಗೆ ಸರಿ. ನಮ್ಮ ಬ್ರಾಡ್ ಗೇಜ್ ಅದಕ್ಕಿಂತ ಅಗಲ, ಅದೇ ಲೆಕ್ಕದಲ್ಲಿ 19 ಮಿ.ಮೀ. ದಾಟುತ್ತದೆ. ಮೀಟರ್ ಗೇಜ್ ಹನ್ನೊಂದೂವರೆ ಆಗುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜ್ ಆದ್ದರಿಂದ ಅವುಗಳ ಮಾದರಿಗೆ ತಯಾರಾಗುವ 12 ಮಿ.ಮೀ. ಹಳಿ ನಮ್ಮ ಬೀರೂರು, ಅರಸೀಕೆರೆಗಳಿಗೆ ಹೊಂದೀತು.

ಎರಡನೆಯ ತೊಡಕು ಇಸವಿಯದು. ಮೀಟರ್ ಗೇಜಿನ ವೈಪಿ ಎಂಜಿನ್ನನ್ನು ನಮ್ಮಲ್ಲಿ ಹಲವರು ಇನ್ನೂ ನೆನೆಯುತ್ತಾರೆ. ಆದರೆ ಅದು ಬಂದದ್ದು 1949ರಿಂದ ಈಚೆಗೆ. 1930ರ ನಿಲ್ದಾಣ ಕಟ್ಟಿ ಅದರಲ್ಲಿ ವೈಪಿ ನಿಲ್ಲಿಸಿದರೆ ಬಲ್ಲವರು ನಗುತ್ತಾರೆ. ಎಂಜಿನ್ನಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದವರು ಪ್ಲಾಟ್‌ಫಾರಂ ವಿಷಯದಲ್ಲೂ ಹಾಗೆಯೇ ಇರಬೇಕಲ್ಲವೆ? ಸ್ವಾತಂತ್ರ್ಯಪೂರ್ವದ ಉತ್ತರ ಭಾರತದ ನಿಲ್ದಾಣಗಳಲ್ಲಿ ಕುಡಿಯುವ ನೀರು ಎರಡಿತ್ತು, ಹಿಂದೂ ಪಾನಿ, ಮುಸ್ಲಿಂ ಪಾನಿ ಎಂದು. ಒಂದೇ ಬಾವಿಯ ನೀರೇ ಇದ್ದರೂ ಕೊಡ ಬೇರೆ, ಕೊಡುವವನು ಬೇರೆ. ಮದ್ರಾಸು ಪ್ರಾಂತ್ಯದ ನಿಲ್ದಾಣಗಳ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೊಂದು ಭಾಗ, ಉಳಿದವರಿಗೊಂದು ಭಾಗ. ಪೆರಿಯಾರ್ ಅದನ್ನು ವಿರೋಧಿಸಿ ಹೋರಾಡಿದರು. ಮೂರನೆಯ ದರ್ಜೆಯ ಕೊಳಕನ್ನು, ನೂಕುನುಗ್ಗಲನ್ನು ಗಾಂಧೀಜಿ 1917ರಲ್ಲೇ ಬರೆದಿಟ್ಟರು. ಇವೆಲ್ಲ ಸಿಗ್ನಲ್ ಕಂಬದಷ್ಟೇ ಆ ಇಸವಿಯ ವಸ್ತುಗಳು.

ನಮ್ಮ ಕೊನೆಯ ಬ್ರಾಡ್ ಗೇಜ್ ಉಗಿ ಎಂಜಿನ್ 'ಅಂತಿಮ್ ಸಿತಾರಾ' 1970ರಲ್ಲಿ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂತು. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆ ಮೀಟರ್ ಗೇಜನ್ನೂ ಒಂದೊಂದಾಗಿ ಎತ್ತಿಸಿತು. ಎಂಜಿನ್ನುಗಳನ್ನು ಮೈಸೂರಿನ ರೈಲು ಮ್ಯೂಸಿಯಂನಲ್ಲಿ 1979ರಿಂದ ನೋಡಬಹುದು, ಮುಟ್ಟಬಹುದು, ಅಳತೆ ತೆಗೆಯಬಹುದು. ನೀರಿನ ಕೊಡಗಳಿಗೆ ಹಾಗೆ ಅಳತೆ ತೆಗೆಯಲು ಹಳೆಯ ಫೋಟೋಗಳೇ ಆಧಾರ. 87ರಲ್ಲಿ ಒಂದು ಪಾಲಿಗೆ ಒಂದು ಅಡಿ ಎತ್ತರದ ಹಲಗೆ ಮೂರೂವರೆ ಮಿಲಿಮೀಟರ್ ಆಗುತ್ತದೆ, ಅದರ ಮೇಲಿನ ಅಕ್ಷರ ಒಂದು ಮಿಲಿಮೀಟರಿನ ಆಸುಪಾಸು. ಒಂದೇ ಎಳೆಯ ಕುಂಚ ಬೇಕು, ಓದಲು ಭೂತಗನ್ನಡಿ ಬೇಕು. ಬರೆಯದೆ ಬಿಟ್ಟರೆ ರೈಲು ನೋಡಲು ಬಂದವರಿಗೆ ಗೊತ್ತೂ ಆಗದು. ಆದರೆ ಲಾಂಗ್ ವಿಟನ್‌ಹ್ಯಾಮಿನವರು ಕಿಟಕಿಯ ಆಚೆಗಿನ ಕುರ್ಚಿಯನ್ನೂ ಮಾಡಿದ್ದಾರೆ.